ಕನಿಷ್ಠ ಪ್ರಭುತ್ವದ ಮೂರನೆಯ ವಿಭಾಗಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯಸ್ಥರು, ಪರಿಮಾರ್ಜನಾ ವಿಭಾಗ, ಕನಿಷ್ಠ ಪ್ರಭುತ್ವದ ಕಚೇರಿ

ವಿಷಯ: ಇತ್ಯರ್ಥವಾಗದೆ ಉಳಿದಿರುವ ಕಡತಗಳನ್ನು ಕುರಿತು

ಮಾನ್ಯರೇ,

ಹಾರ್ವರ್ಡ್‌ನ ತತ್ತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ ಗ್ರಂಥವನ್ನು ಪ್ರಕಟಿಸಿ, ಕಳವು, ವಂಚನೆ, ಬಲಾತ್ಕಾರಗಳನ್ನು ತಡೆದು ಒಪ್ಪಂದಗಳನ್ನು ಕಾಯುವುದಕ್ಕಷ್ಟೇ ಸೀಮಿತವಾದ ‘ಕನಿಷ್ಠ ಪ್ರಭುತ್ವ’ವೊಂದೇ ಸಮರ್ಥನೀಯವೆಂದು ವಾದಿಸಿದಾಗ, ತಮ್ಮ ವಿಭಾಗವೂ ಅದರೊಂದಿಗೇ ಮಂಜೂರಾಗಿತ್ತೆಂಬುದು ಅವರ ಅನುಯಾಯಿಗಳಲ್ಲಿ ಬಹುಮಂದಿಗೆ ಮರೆತೇ ಹೋದಂತಿದೆ. ಸಂಪತ್ತಿನ ಹಂಚಿಕೆ ನ್ಯಾಯವೋ ಅಲ್ಲವೋ ಎಂಬುದನ್ನು ಯಾರ ಬಳಿ ಎಷ್ಟಿದೆ ಎಂಬುದರಿಂದಲ್ಲ, ಅದು ಹೇಗೆ ಬಂತು ಎಂಬುದರಿಂದ ನಿರ್ಣಯಿಸಬೇಕೆನ್ನುವ ಅವರ ‘ಹಕ್ಕುದಾರಿಕೆ ಸಿದ್ಧಾಂತ’ಕ್ಕೆ ಮೂರು ಅಂಗಗಳಿವೆ: ಒಡೆಯನಿಲ್ಲದ ವಸ್ತುವಿನ ಮೊದಲ ಗಳಿಕೆ, ಗಳಿಸಿದ್ದರ ಸ್ವಇಚ್ಛೆಯ ವರ್ಗಾವಣೆ, ಮತ್ತು ಇವೆರಡರಲ್ಲಿ ನಡೆದ ಅನ್ಯಾಯವನ್ನು ಸರಿಪಡಿಸುವ ಪರಿಮಾರ್ಜನೆ.

ಎರಡನೆಯ ವಿಭಾಗದ ಕೌಂಟರಿನಲ್ಲಿ ಸದಾ ಜನಜಂಗುಳಿ. ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್‌ಗೆಂದು ಹತ್ತು ಲಕ್ಷ ಪ್ರೇಕ್ಷಕರು ಮನಸಾರೆ ತಲಾ 25 ಸೆಂಟ್ ಕೊಟ್ಟರೆ ಅವನಿಗೆ ಸೇರುವ ಎರಡೂವರೆ ಲಕ್ಷ ಡಾಲರನ್ನು ಯಾವ ನ್ಯಾಯದಿಂದ ಮುಟ್ಟುವಿರಿ ಎಂಬ ನೋಜಿಕ್‌ರ ಪ್ರಶ್ನೆ ಇಂದಿಗೂ ಅಲ್ಲಿನ ಗೋಡೆಯನ್ನು ಅಲಂಕರಿಸಿದೆ. ಪ್ರಶ್ನೆ ಚುರುಕಾಗಿದೆ, ಅದನ್ನು ಅಲ್ಲಗಳೆಯುವುದೂ ಸುಲಭವಲ್ಲ. ಆದರೆ ಆ 25 ಸೆಂಟ್ ಪ್ರೇಕ್ಷಕನ ಜೇಬಿಗೆ ನ್ಯಾಯವಾಗಿಯೇ ಬಂದಿತ್ತೆಂಬ ಪ್ರಮಾಣಪತ್ರವನ್ನು ಕೊಡಬೇಕಾದವರು ತಾವು.

ಮೊದಲ ವಿಭಾಗದ ಮೂಲಪುರುಷ ಜಾನ್ ಲಾಕ್. ಒಡೆಯನಿಲ್ಲದ ನೆಲದಲ್ಲಿ ದುಡಿಮೆ ಬೆರೆಸಿದವನಿಗೆ ಆ ನೆಲ ಸೇರುತ್ತದೆ, ಇತರರಿಗೂ ಸಾಕಷ್ಟು ಉಳಿದಿದ್ದರೆ ಸಾಕು ಎಂಬುದು ಅವನ ಸೂತ್ರ. ಒಂದು ಡಬ್ಬಿ ಟೊಮೆಟೊ ರಸವನ್ನು ಸಮುದ್ರಕ್ಕೆ ಸುರಿದವನು ಸಮುದ್ರದ ಒಡೆಯನಾಗುವನೋ, ರಸ ಕಳೆದುಕೊಂಡ ಮೂರ್ಖನಾಗುವನೋ ಎಂದು ನೋಜಿಕ್‌ರೇ ಕೆಣಕಿದ್ದುಂಟು. ಸೂತ್ರವನ್ನು ಅಕ್ಷರಶಃ ಪಾಲಿಸುವುದಾದರೆ ಕೆರೊಲಿನಾದ ಗದ್ದೆ ತೋಟಗಳಿಗೆ ತಲೆಮಾರುಗಟ್ಟಲೆ ಬೆವರು ಬೆರೆಸಿದ ಆಫ್ರಿಕನ್ ಗುಲಾಮರೇ ಅವುಗಳ ಒಡೆಯರಾಗಬೇಕಿತ್ತು. ಆದರೆ ಲಾಕ್ ಕೆರೊಲಿನಾದ ಒಡೆಯರಿಗೆ ಕಾರ್ಯದರ್ಶಿಯಾಗಿದ್ದವನು, ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹೂಡಿದ್ದವನು. ಆದ್ದರಿಂದ ಆ ಕಡತ ಮೊದಲ ವಿಭಾಗದಲ್ಲಿ ಇತ್ಯರ್ಥವಾಗದೆ ತಮ್ಮ ಮೇಜಿಗೆ ಬಂದಿರುವುದು ಸಹಜವೇ.

ಹಿಂದಿನ ಆದೇಶಗಳನ್ನೂ ಲಗತ್ತಿಸಲಾಗಿದೆ. 1862ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ರಾಜಧಾನಿ ಪ್ರದೇಶದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ ಕಾಯ್ದೆಯು ಸರಾಸರಿ ತಲೆಗೆ 300 ಡಾಲರ್ ಮೀರದ ಪರಿಹಾರವನ್ನು ಒಡೆಯರಿಗೆ ನೀಡಿತು. ಬಿಡುಗಡೆಯಾದವರಿಗೂ ತಲಾ 100 ಡಾಲರ್‌ವರೆಗೆ ಕೊಡಲು ಅವಕಾಶವಿತ್ತು, ಆದರೆ ಅವರು ದೇಶ ಬಿಟ್ಟು ಹೋಗಲು ಒಪ್ಪಿದರೆ ಮಾತ್ರ. 1865ರ ಜನವರಿಯಲ್ಲಿ ಜನರಲ್ ಷರ್ಮನ್ ದಕ್ಷಿಣದ ಕರಾವಳಿಯಲ್ಲಿ ಮುಕ್ತ ಕುಟುಂಬಗಳಿಗೆ 40 ಎಕರೆ ಮೀರದಂತೆ ಭೂಮಿ ಕೊಡಲು ಆದೇಶಿಸಿದರೆ, ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯ ಬಹುಭಾಗವನ್ನು ಹಳೆಯ ಒಡೆಯರಿಗೇ ಮರಳಿಸುವ ವ್ಯವಸ್ಥೆ ಮಾಡಿದರು. ದುಡಿಮೆಯ ಗಳಿಕೆಯ ಮೇಲಿನ ತೆರಿಗೆಯು ಬಲವಂತದ ದುಡಿಮೆಗೆ ಸಮಾನವೆಂದು ಸಾರುವ ಸಿದ್ಧಾಂತದ ಕಚೇರಿಯಲ್ಲಿ, ನಿಜವಾದ ಬಲವಂತದ ದುಡಿಮೆಯ ಕಡತವೇ ಧೂಳು ತಿನ್ನುತ್ತಿರುವುದನ್ನು ತಮ್ಮ ಅವಗಾಹನೆಗೆ ತರಲಾಗಿದೆ.

ದಾಖಲೆಗಳು ಹಳೆಯವು, ವಾರಸುದಾರರು ಅಸಂಖ್ಯ, ಲೆಕ್ಕ ಅಸಾಧ್ಯ ಎಂಬ ಷರಾ ತಮ್ಮಿಂದ ಬರಬಹುದು. ಹಾಗಾದರೆ ನೋಜಿಕ್‌ರ ಗ್ರಂಥವನ್ನೇ ಮತ್ತೊಮ್ಮೆ ತೆರೆಯಬೇಕು. ಐತಿಹಾಸಿಕ ಮಾಹಿತಿ ದೊರೆಯದಲ್ಲಿ, ಸಮಾಜದ ಅತಿ ಹಿಂದುಳಿದ ಗುಂಪಿನ ಸ್ಥಿತಿಯನ್ನು ಆದಷ್ಟು ಉತ್ತಮಪಡಿಸುವಂತೆ ವ್ಯವಸ್ಥೆಯನ್ನು ರೂಪಿಸುವುದು ಪರಿಮಾರ್ಜನೆಯ ಒರಟು ನಿಯಮವಾಗಬಹುದೆಂದು ಅವರು ಅಲ್ಲಿ ಸೂಚಿಸಿದ್ದಾರೆ. ಅನ್ಯಾಯಗಳ ಪರಿಮಾರ್ಜನೆಗಾಗಿ ತಾತ್ಕಾಲಿಕವಾಗಿ ವಿಸ್ತೃತ ಪ್ರಭುತ್ವವೂ ಬೇಕಾಗಬಹುದೆಂದು ಒಪ್ಪಿದ್ದಾರೆ. ಆ ಒರಟು ನಿಯಮ, ನೋಜಿಕ್‌ರು ಅದೇ ಗ್ರಂಥದಲ್ಲಿ ಎದುರಿಸಿದ ಜಾನ್ ರಾಲ್ಸ್ 1971ರಲ್ಲಿ ಮಂಡಿಸಿದ ‘ಭೇದ ತತ್ತ್ವ’ಕ್ಕೆ, ಅಂದರೆ ಅಸಮಾನತೆಗಳು ಅತಿ ಕೆಳಗಿರುವವರಿಗೆ ಹಿತವಾಗುವಂತಿರಬೇಕೆಂಬ ನಿಯಮಕ್ಕೆ, ತೀರ ಹತ್ತಿರದ ನೆಂಟ.

ಆದಕಾರಣ ಮಾನ್ಯರು ಒಂದೋ ಕಡತಗಳನ್ನು ತೆರೆಯಬೇಕು, ಇಲ್ಲವೇ ತಮ್ಮ ವಿಭಾಗವನ್ನು ವಿಧ್ಯುಕ್ತವಾಗಿ ಮುಚ್ಚಿ, ಈಗಿನ ಆಸ್ತಿಗಳಿಗೆ ‘ನ್ಯಾಯಸಮ್ಮತ’ ಎಂಬ ಮೊಹರು ಒತ್ತದಂತೆ ಉಳಿದೆರಡು ವಿಭಾಗಗಳಿಗೆ ಲಿಖಿತ ಸೂಚನೆ ಹೊರಡಿಸಬೇಕೆಂದು ಕೋರಲಾಗಿದೆ.