ಖಾತೆ ನನ್ನ ಹೆಸರಲ್ಲಿದೆ

ಈ ದೇಹದ ಖಾತೆ ನನ್ನ ಹೆಸರಲ್ಲಿದೆ. ಆಧಾರ್ ಕಾರ್ಡಿನಲ್ಲಿರುವುದು ಇದರದೇ ಫೋಟೊ (ನೋಡಿದವರು ನಂಬುವುದಿಲ್ಲ, ಅದು ಬೇರೆ ಮಾತು). ಇದರ ಮೇಲಿನ ವಿಮೆಯ ಕಂತು ಕಟ್ಟುವವನು ನಾನು, ದಿನಾ ಸೋಪು ಹಚ್ಚಿ ತೊಳೆಯುವವನೂ ನಾನೇ. ಆದರೆ ಒಳಗಿನ ಒಂದು ವ್ಯವಹಾರಕ್ಕಾದರೂ ಈವರೆಗೆ ಯಾರೂ ನನ್ನ ಸಹಿ ಕೇಳಿಲ್ಲ.

ಗುಂಡಿಗೆಯನ್ನೇ ನೋಡಿ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿದುಕೊಳ್ಳುತ್ತದೆ. ಯಾರ ಅಪ್ಪಣೆ? ನನ್ನದಂತೂ ಅಲ್ಲ. ಮೆದುಳಿನದ್ದಿರಬೇಕು ಎಂದುಕೊಂಡರೆ ಅದೂ ಅಲ್ಲ. ಬಲ ಹೃತ್ಕರ್ಣದ ಗೋಡೆಯಲ್ಲಿ ಪುಟ್ಟದೊಂದು ಜೀವಕೋಶಗಳ ಗುಂಪಿದೆ, ತಾಳ ಹಾಕುವುದು ಅದು. ಮೆದುಳು ಬೇಕಾದರೆ ಕಾಲವನ್ನು ಹೆಚ್ಚುಕಮ್ಮಿ ಮಾಡಬಹುದು, ಅಷ್ಟೆ. ಕಸಿ ಮಾಡಿದ ಹೃದಯದ ನರಗಳೆಲ್ಲ ಕತ್ತರಿಸಿಹೋಗಿರುತ್ತವೆ. ಆದರೂ ಅದು ಹೊಸ ಎದೆಯೊಳಗೆ ಬಡಿಯುತ್ತದೆ, ಅದೂ ತಡೆಯುವವರಿಲ್ಲದ್ದಕ್ಕೆ ತುಸು ಚುರುಕಾಗಿಯೇ. ಹಳೇ ಯಜಮಾನನ ಹಂಗಿಲ್ಲ, ಹೊಸಬನ ಗುರುತು ಪರಿಚಯವೂ ಬೇಕಿಲ್ಲ.

ನನ್ನ ಅಧಿಕಾರ ಎಲ್ಲಿಯವರೆಗೆ ಎಂಬುದು ಸರಿಯಾಗಿ ತಿಳಿಯುವುದು ಮದುವೆ ಮನೆಯ ಪಂಕ್ತಿಯಲ್ಲಿ. ಹೋಳಿಗೆ ಮುರಿಯುವುದು, ತುಪ್ಪದಲ್ಲಿ ಅದ್ದುವುದು, ಬಡಿಸುವವರು ಮತ್ತೊಂದು ತಂದಾಗ ಎಲೆಗೆ ಕೈ ಅಡ್ಡ ಹಿಡಿದು ಬೆರಳ ಸಂದಿ ಸಾಕಷ್ಟು ಸಡಿಲ ಬಿಡುವುದು, ಇವೆಲ್ಲ ನನ್ನ ಸ್ವಂತ ನಿರ್ಧಾರಗಳು. ನಾಲಗೆ ತುತ್ತನ್ನು ಹಿಂದಕ್ಕೆ ದಬ್ಬಿತೋ, ಮುಗಿಯಿತು. ಅನ್ನನಾಳ, ಜಠರ, ಸುಮಾರು 6 ಮೀಟರ್ ಸಣ್ಣ ಕರುಳು, ಒಂದೂವರೆ ಮೀಟರ್ ದೊಡ್ಡ ಕರುಳು, ಎಲ್ಲೂ ನನಗೆ ಪ್ರವೇಶವಿಲ್ಲ. ಶೀರ್ಷಾಸನ ಹಾಕಿ ನುಂಗಿದರೂ ಅನ್ನನಾಳದ ಸ್ನಾಯುಗಳು ಅಲೆಅಲೆಯಾಗಿ ಹಿಂಡಿ ತುತ್ತನ್ನು ಜಠರಕ್ಕೇ ಮುಟ್ಟಿಸುತ್ತವೆ. (ಪರೀಕ್ಷೆ ಮಾಡುವ ಹುಮ್ಮಸ್ಸಿನವರು ದಯವಿಟ್ಟು ಹೋಳಿಗೆಯಿಂದ ಶುರುಮಾಡಬೇಡಿ.) ಪಂಕ್ತಿಯಲ್ಲಿ ಹರಟುತ್ತ ಉಂಡು, ಅಗುಳು ಶ್ವಾಸನಾಳದ ಬಾಗಿಲಿಗೆ ನುಗ್ಗಿ ಕೆಮ್ಮು ಹತ್ತಿದಾಗ ನಮ್ಮ ಸೋದರತ್ತೆ ಪಟಪಟನೆ ನೆತ್ತಿ ತಟ್ಟುತ್ತಾರೆ. ಅಗುಳಿಗೂ ನೆತ್ತಿಗೂ ಯಾವ ದಾರಿಯೂ ಇಲ್ಲ. ಆದರೆ ಅತ್ತೆಯ ಕೈ ಭಾರಕ್ಕೆ ಹೆದರಿಯಾದರೂ ಕೆಮ್ಮು ಬೇಗ ನಿಲ್ಲುತ್ತದೆ.

ಈ ಒಳಗಿನವರಿಗೆ ಸಮಯ ಸಂದರ್ಭವೂ ಇಲ್ಲ. ಸಂಗೀತ ಕಚೇರಿಯಲ್ಲಿ ತಂಬೂರಿ ಒಂದೇ ಮಿಡಿಯುತ್ತ ಇಡೀ ಸಭೆ ಉಸಿರು ಹಿಡಿದು ಕೂತಿರುವ ಹೊತ್ತಿಗೆ ನನ್ನ ಹೊಟ್ಟೆ ಗುಡುಗಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಹೆಂಡತಿ ಪಿಸುಗುಟ್ಟಿದಳು: “ರೀ, ಮನೇಲಿ ಏನೂ ಹಾಕದೆ ಕರ್ಕೊಂಡು ಬಂದಿದೀನಿ ಅನ್ಕೋತಾರೆ.” ಇಂಟರ್ವಲ್‌ನಲ್ಲಿ ನಾನು ವಿವರಿಸಿದೆ. ಹೊಟ್ಟೆ ಖಾಲಿಯಿದ್ದಾಗ ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ ಜಠರದಿಂದ ಸಣ್ಣ ಕರುಳಿನ ತುದಿಯವರೆಗೆ ಒಂದು ಅಲೆ ಸಾಗುತ್ತದೆ, ಅಳಿದುಳಿದ ಚೂರುಪಾರು, ಬ್ಯಾಕ್ಟೀರಿಯಾ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಗುಡುಗುವುದು ಹಸಿದ ಹೊಟ್ಟೆಯ ಗೋಳಲ್ಲ, ಕಸ ಗುಡಿಸುವ ಸದ್ದು. ಏನಾದರೂ ಬಾಯಿಗೆ ಹಾಕಿಕೊಂಡರೆ ಗುಡಿಸುವುದು ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ ಸದಾ ಕುರುಕುತ್ತಿರುವವರ ಒಳಗೆ ಪೊರಕೆ ಹಿಡಿಯಲು ಪುರಸೊತ್ತೇ ಇರುವುದಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, “ನಿಮ್ಮ ಕರುಳಿಗಾದ್ರೂ ಗುಡಿಸೋ ಬುದ್ಧಿ ಇದೆಯಲ್ಲ” ಎಂದು ಕಾಫಿ ತರಲು ಎದ್ದಳು.

ಹೊಟ್ಟೆಯ ಒಡೆತನದ ತಕರಾರು ನಿಜಕ್ಕೂ ಕಾಗದ ಪತ್ರದವರೆಗೆ ಹೋದದ್ದುಂಟು. 1822ರ ಜೂನ್‌ನಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದ ಅಂಗಡಿಯೊಂದರಲ್ಲಿ ಬಂದೂಕು ಆಕಸ್ಮಿಕವಾಗಿ ಹಾರಿತು. ತುಪ್ಪಳ ವ್ಯಾಪಾರದವರ ದೋಣಿಯಾಳು ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ನ ಹೊಟ್ಟೆ ತೂತಾಯಿತು. ಸೇನೆಯ ವೈದ್ಯ ವಿಲಿಯಂ ಬ್ಯೂಮಾಂಟ್ ಆರೈಕೆ ಮಾಡಿದ, ಆಳು ಬದುಕಿದ, ಗಾಯ ಮಾಯಿತು. ಆದರೆ ಜಠರದ ತೂತು ಮಾತ್ರ ಮುಚ್ಚಲಿಲ್ಲ. ಇನ್ನೊಬ್ಬ ವೈದ್ಯನಾಗಿದ್ದರೆ ಕೈಚೆಲ್ಲುತ್ತಿದ್ದನೋ ಏನೋ, ಬ್ಯೂಮಾಂಟನಿಗೆ ಕಿಟಕಿ ಸಿಕ್ಕಿತು. ಮಾಂಸದ ತುಂಡು, ಹಳಸಲು ಬ್ರೆಡ್ಡು, ಹಸಿ ಕೋಸು, ಇವನ್ನೆಲ್ಲ ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಡುವುದು, ಗಂಟೆ ಕಳೆದ ಮೇಲೆ ಎಳೆದು ಎಷ್ಟು ಕರಗಿತೆಂದು ನೋಡುವುದು, ಮತ್ತೆ ಇಳಿಬಿಡುವುದು. ಜಠರ ಬರಿದೇ ಅರೆಯುವುದಿಲ್ಲ, ಅದರ ರಸ ಆಹಾರವನ್ನು ಕರಗಿಸುತ್ತದೆ ಎಂಬುದು ಹೀಗೆ ಕಣ್ಣಾರೆ ಕಂಡದ್ದು. ಸೇಂಟ್ ಮಾರ್ಟಿನ್ ಸಿಟ್ಟಾದಾಗ ಜೀರ್ಣಕ್ರಿಯೆ ಏರುಪೇರಾಗುವುದನ್ನೂ ವೈದ್ಯ ಬರೆದಿಟ್ಟ. ಸಿಟ್ಟು ಯಾಕೆ ಬಂತೆಂದು ಯಾರೂ ಕೇಳಬೇಕಾಗಿಲ್ಲ. ಹೊಟ್ಟೆಯಲ್ಲಿ ದಾರ ಆಡಿಸಿಕೊಳ್ಳುವುದರ ಜೊತೆಗೆ ಅದೇ ವೈದ್ಯನ ಮನೆಯಲ್ಲಿ ಸೌದೆ ಒಡೆಯುತ್ತಿದ್ದವನೂ ಅವನೇ. ನಡುವೆ ಕೆನಡಾಕ್ಕೆ ಓಡಿಹೋದ. ಮರಳಿ ಬಂದ ಮೇಲೆ 1832ರಲ್ಲಿ ಇಬ್ಬರೂ ಕರಾರು ಪತ್ರವನ್ನೇ ಮಾಡಿಕೊಂಡರು: ಇಂತಿಷ್ಟು ಸಂಬಳ, ಊಟ, ವಸತಿ, ಪ್ರಯೋಗಕ್ಕೆ ಹೊಟ್ಟೆ ಒದಗಿಸತಕ್ಕದ್ದು. ಮರುವರ್ಷ ವೈದ್ಯನ ಪುಸ್ತಕ ಬಂತು, ಹೆಸರೂ ಬಂತು. ಆಳು ಮತ್ತೆ ಊರಿಗೆ ಹೋದವನು ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ವೈದ್ಯ 1853ರಲ್ಲಿ ತೀರಿಕೊಂಡ, ತೂತು ಹೊಟ್ಟೆಯವನು 1880ರವರೆಗೂ ಬಾಳಿದ. ಅವನು ಸತ್ತಾಗ ಡಾಕ್ಟರುಗಳು ಜಠರಕ್ಕೆ ಕಾದು ಕೂತಿದ್ದಾರೆಂದು ಮನೆಯವರು ದೇಹ ಕೊಳೆಯುವವರೆಗೆ ಇಟ್ಟುಕೊಂಡು, ಆಮೇಲೆ ಆಳವಾದ ಗುಂಡಿಯಲ್ಲಿ ಹೂತರಂತೆ. ಖಾತೆ ಬದಲಾವಣೆ ತಡೆಯಲು ಇಷ್ಟು ಗಟ್ಟಿ ಉಪಾಯ ನಮ್ಮ ವಕೀಲರಿಗೂ ಹೊಳೆಯಲಾರದು.

ಉಸಿರಾಟದ್ದು ಜಂಟಿ ಖಾತೆ. ಅದೇ ತೊಂದರೆ. ಪಾರ್ಕಿನ ಯೋಗ ಮೇಷ್ಟ್ರು “ಏನೂ ಮಾಡಬೇಡಿ, ಉಸಿರನ್ನು ಸುಮ್ಮನೆ ಗಮನಿಸಿ” ಎನ್ನುವವರೆಗೂ ನನ್ನ ಉಸಿರು ಚೆನ್ನಾಗಿಯೇ ನಡೆದಿರುತ್ತದೆ. ಗಮನಿಸಿದೆನೋ, ಜವಾಬ್ದಾರಿ ನನ್ನ ತಲೆಗೆ. ಎಷ್ಟು ಒಳಗೆಳೆಯಬೇಕು, ಯಾವಾಗ ಬಿಡಬೇಕು, ಒಂದೂ ಗೊತ್ತಾಗದೆ ಒದ್ದಾಡುತ್ತೇನೆ. ಪಕ್ಕದ ಮನೆಯ ಪುಟ್ಟಿ ಮೊಬೈಲ್ ಕೊಡದಿದ್ದರೆ ಉಸಿರು ಬಿಗಿಹಿಡಿದು ಮನೆಯವರನ್ನು ಹೆದರಿಸುತ್ತಾಳೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆಲ್ಲ ಮೆದುಳಿನ ಬುಡದಲ್ಲಿ ಕೂತ ಇನ್ನೊಬ್ಬ ಖಾತೆದಾರ ಅವಳ ಹಟ ಮುರಿದು ಬಾಯಿ ತೆರೆಸುತ್ತಾನೆ. ಅವಳ ಅಪ್ಪ ಅಮ್ಮನಿಗೆ ಅಷ್ಟು ಹೊತ್ತು ಕಾಯುವ ಧೈರ್ಯವಿಲ್ಲ, ಮೊದಲೇ ಮೊಬೈಲ್ ಕೊಟ್ಟುಬಿಡುತ್ತಾರೆ.

ಡಾಕ್ಟರು ಮಂಡಿಯ ಕೆಳಗೆ ಸುತ್ತಿಗೆಯಲ್ಲಿ ತಟ್ಟಿದರೆ ಕಾಲು ಚಿಮ್ಮುವುದೂ ಬೆನ್ನುಹುರಿಯ ಮಟ್ಟದಲ್ಲೇ ಆಗುವ ತೀರ್ಮಾನ. ಮೆದುಳಿಗೆ ಸುದ್ದಿ ಮುಟ್ಟುವುದು ಆಮೇಲೆ. ಅಷ್ಟೊಂದು ಫೀಸು ತೆಗೆದುಕೊಂಡವರನ್ನು ಕಾನೂನುಬದ್ಧವಾಗಿ ಒದೆಯುವ ಒಂದೇ ಒಂದು ಸಂದರ್ಭ, ಅದೂ ನನ್ನ ಲೆಕ್ಕಕ್ಕಿಲ್ಲ.

ಹಾಗಾದರೆ ನನಗೆ ಬಿಟ್ಟಿರುವುದೇನು? ಬೀಗದ ಕೈ ಒಂದು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಒಂದೂವರೆ ಲೀಟರಿನಷ್ಟು ಬಿಟ್ಟು ಉಳಿದದ್ದನ್ನು ರಕ್ತಕ್ಕೇ ಮರಳಿಸುತ್ತವೆ. (ಟ್ಯಾಂಕರಿಗೆ ಕಾಯುವ ಬೆಂಗಳೂರಿನವರು ಈ ವಾಕ್ಯವನ್ನು ಎರಡು ಸಲ ಓದಿಕೊಳ್ಳಬೇಕು.) ಆ ಒಂದೂವರೆ ಲೀಟರನ್ನು ಯಾವಾಗ ಹೊರಬಿಡುವುದೆಂಬುದು ಮಾತ್ರ ನನ್ನ ಕೈಯಲ್ಲಿ. ಅದಕ್ಕೂ ಶಾಸ್ತ್ರದ ಆಕ್ಷೇಪವಿದೆ. ಮೂತ್ರ, ಸೀನು, ತೇಗು, ಆಕಳಿಕೆ, ಕಣ್ಣೀರು ಸೇರಿ 13 ವೇಗಗಳನ್ನು ತಡೆಯಬಾರದು ಎನ್ನುತ್ತದೆ ಚರಕ ಸಂಹಿತೆ. ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದವುಗಳ ಪಟ್ಟಿಯೂ ಇದೆ: ಲೋಭ, ಶೋಕ, ಭಯ, ಕ್ರೋಧ, ಈರ್ಷ್ಯೆ ಇತ್ಯಾದಿ. ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಎರಡೂ ಪಟ್ಟಿ ಅದಲುಬದಲಾಗಿವೆ. ಆಕಳಿಕೆ, ಸೀನು, ತೇಗು ಎಲ್ಲವನ್ನೂ ಕರ್ಚೀಫಿನೊಳಗೆ ಅದುಮಿಟ್ಟುಕೊಂಡು ಕ್ರೋಧ, ಈರ್ಷ್ಯೆಗಳನ್ನು ಧಾರಾಳವಾಗಿ ಹೊರಬಿಡುತ್ತೇವೆ.

ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ಕಡೂರು ದಾಟಿದ ಮೇಲೆ ನನಗೆ ವೇಗ ಶುರುವಾಯಿತು. ಸೀಟಿನ ಕಂಬಿ ಹಿಡಿದು ಹಿಡಿದು ಮುಂದೆ ಹೋಗಿ ಕಂಡಕ್ಟರನ್ನು ಎಬ್ಬಿಸಿದೆ.

“ಐದು ನಿಮಿಷ ನಿಲ್ಸಿ ಸಾರ್, ಅರ್ಜೆಂಟು.”

“ಅರಸೀಕೆರೆ ಬರ್ಲಿ ಸಾರ್, ತಡ್ಕೊಳ್ಳಿ.”

“ತಡ್ಕೋಬಾರ್ದು ಅಂತ ಚರಕ ಹೇಳಿದಾನೆ.”

ಕಂಡಕ್ಟರು ಕಣ್ಣುಜ್ಜಿಕೊಂಡು ಟ್ರಿಪ್ ಶೀಟ್ ತೆಗೆದರು. “ಅವರದ್ದು ಯಾವ ಸೀಟು ಸಾರ್? ಅವರಿಗೂ ಹೇಳ್ಬಿಡಿ, ಅರಸೀಕೆರೆನೇ.”