ಸೋಫಾಪ್ರಸ್ಥಾಶ್ರಮ: ದೂರದ ಬೆಟ್ಟದ ಗಾದೆಗೆ ಒಂದು ಭಾಷ್ಯ

ಗ್ರಂಥಾರಂಭದಲ್ಲಿ ಇಷ್ಟದೇವತೆಯನ್ನು ನೆನೆಯಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಮೊದಲು ರಿಮೋಟಿಗೆ ವಂದನೆ. ಅದರ ಹೊಟ್ಟೆಯೊಳಗಿನ ಎರಡು ಪೆನ್ಸಿಲ್ ಸೆಲ್ಲುಗಳಿಗೂ, ಹಿಂಬದಿಯ ಮುಚ್ಚಳ ಕಳೆದುಹೋದ ಮೇಲೆ ಆ ಸೆಲ್ಲುಗಳನ್ನು ಉದುರದಂತೆ ಕಾಪಾಡಿಕೊಂಡು ಬಂದಿರುವ ರಬ್ಬರ್ ಬ್ಯಾಂಡಿಗೂ ವಂದನೆ. ಬಸ್ಸು ಹೋಗದ ಊರನ್ನು ನಮ್ಮ ಜನ 'ರಿಮೋಟ್ ಏರಿಯಾ' ಅನ್ನುತ್ತಾರೆ. ಸೋಫಾದ ಸಂದಿಯಲ್ಲಿ ಅಡಗಿ ಕೂರುವ ಈ ಕರಿ ಕಡ್ಡಿಯನ್ನೂ ರಿಮೋಟ್ ಅನ್ನುತ್ತಾರೆ. ಎರಡಕ್ಕೂ ಒಂದೇ ಹೆಸರು ಬಿದ್ದದ್ದು ಕಾಕತಾಳೀಯವಲ್ಲ, ಎರಡನೆಯದು ಕೈಯಲ್ಲಿಲ್ಲದೆ ಮೊದಲನೆಯದರ ಮೇಲೆ ಯಾರಿಗೂ ಪ್ರೀತಿ ಹುಟ್ಟುವುದಿಲ್ಲ ಎಂದು ಸ್ಥಾಪಿಸುವುದೇ ಈ ಪ್ರಬಂಧದ ಪ್ರಯೋಜನ.

ಇನ್ನು ವಿಷಯಪ್ರವೇಶ. ಧರ್ಮಶಾಸ್ತ್ರದ ಪ್ರಕಾರ ಆಶ್ರಮಗಳು ನಾಲ್ಕು. ತಲೆ ನರೆತು, ಚರ್ಮ ಸುಕ್ಕಾಗಿ, ಮೊಮ್ಮಗನ ಮುಖ ನೋಡಿದ ಮೇಲೆ ಗೃಹಸ್ಥನು ಮೂರನೆಯ ಆಶ್ರಮಕ್ಕೆ, ಅಂದರೆ ವಾನಪ್ರಸ್ಥಕ್ಕೆ, ಹೊರಡತಕ್ಕದ್ದು. ಈಗ ಹಾಗೆ ಹೊರಟರೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಗೇಟು ಇಳಿಸಿರುತ್ತಾರೆ. ಬಂಡೀಪುರದ ಹೆದ್ದಾರಿಯಲ್ಲಂತೂ ರಾತ್ರಿ 9ರಿಂದ ಬೆಳಗಿನ 6ರವರೆಗೆ ಗಾಡಿಗಳನ್ನೇ ಬಿಡುವುದಿಲ್ಲ. ಸಾಲದ್ದಕ್ಕೆ ಮಂಡಿನೋವು. ಹಾಗಾಗಿ ತಾನು ಕಾಡಿಗೆ ಹೋಗುವ ಬದಲು ಕಾಡನ್ನೇ ಹಾಲಿಗೆ ಕರೆಸಿಕೊಳ್ಳುವ ಹೊಸ ಆಶ್ರಮವೊಂದು ಹುಟ್ಟಿಕೊಂಡಿತು. ಇದಕ್ಕೆ ನಾನು 'ಸೋಫಾಪ್ರಸ್ಥ' ಎಂದು ನಾಮಕರಣ ಮಾಡಿದ್ದೇನೆ. ಡಿಸ್ಕವರಿ ಚಾನೆಲ್ ಭಾರತಕ್ಕೆ ಬಂದ 1995ನೇ ಇಸವಿಯಿಂದ ಇದರ ಶಕೆಯನ್ನು ಎಣಿಸಬೇಕು. ವಾನಪ್ರಸ್ಥನು ಗೆಡ್ಡೆಗೆಣಸು ತಿನ್ನತಕ್ಕದ್ದು ಎಂದು ವಿಧಿ; ಸೋಫಾಪ್ರಸ್ಥನು ಆಲೂಗಡ್ಡೆ ಚಿಪ್ಸ್ ತಿನ್ನುತ್ತಾನೆ. ಗೆಡ್ಡೆಯ ಮಟ್ಟಿಗಂತೂ ಪರಂಪರೆ ತುಂಡಾಗಿಲ್ಲ.

ಈ ಆಶ್ರಮದ ಸೂತ್ರಗ್ರಂಥ ಬಹಳ ಚಿಕ್ಕದು: 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.' ನಾಲ್ಕೇ ಪದ. ಕ್ರಿಯಾಪದವೇ ಇಲ್ಲ, ಸೋಫಾದ ಮೇಲೆ ಒರಗಿದವನಿಗೆ ಕ್ರಿಯೆ ಯಾಕೆ? ಕ್ಯಾಮೆರಾ ಹುಟ್ಟುವ ಎಷ್ಟೋ ಮೊದಲೇ ಟೆಲಿಫೋಟೋ ಲೆನ್ಸಿನ ತತ್ತ್ವವನ್ನು ಹೇಳಿಟ್ಟುಹೋದ ಆ ಪುಣ್ಯಾತ್ಮನ (ಅಥವಾ ಪುಣ್ಯಾತ್ಗಿತ್ತಿಯ, ಕಳೆ ಕೀಳುತ್ತ ನಡು ನೆಟ್ಟಗೆ ಮಾಡಿಕೊಂಡಾಗ ಬೆಟ್ಟ ನೋಡಿದವರು ಹೆಂಗಸರೇ ಇದ್ದಾರು) ಹೆಸರು ಉಳಿದಿಲ್ಲ. ಹತ್ತನೇ ತರಗತಿಯಲ್ಲಿ 'ಈ ಗಾದೆಯನ್ನು ವಿಸ್ತರಿಸಿ' ಎಂಬ ಪ್ರಶ್ನೆಗೆ ನಾನು ಬರೆದ ಉತ್ತರಕ್ಕೆ ನಮ್ಮ ಮೇಷ್ಟ್ರು ಅರ್ಧ ಅಂಕ ಹಿಡಿದಿಟ್ಟುಕೊಂಡಿದ್ದರು. ಪ್ರಸ್ತುತ ಪ್ರಬಂಧವನ್ನು ಆ ಅರ್ಧ ಅಂಕದ ಬಡ್ಡಿಸಮೇತ ವಸೂಲಿ ಎಂದೂ ಓದಿಕೊಳ್ಳಬಹುದು.

'ದೂರದ' ಎಂಬಲ್ಲಿ ಷಷ್ಠಿ ವಿಭಕ್ತಿ. ಬೆಟ್ಟವು ದೂರಕ್ಕೆ ಸೇರಿದ್ದು, ನೋಡುವವನಿಗೆ ಸೇರಿದ್ದಲ್ಲ. ಈ ಒಂದು ವಿಭಕ್ತಿಯ ಬಾಲದಲ್ಲಿ ನಮ್ಮ ಕಾವ್ಯಮೀಮಾಂಸೆಯೆಲ್ಲ ಜೋತಾಡುತ್ತಿದೆ. ಭರತಮುನಿ ಎಂಟು ರಸ ಹೇಳಿದ. ಶಾಂತವೂ ರಸವೇ ಎಂದು ಅಭಿನವಗುಪ್ತ ಪಟ್ಟುಹಿಡಿದು ವಾದಿಸಿದ. ಆದರೆ ನಮಗಿಲ್ಲಿ ಬೇಕಾದವನು ಭಟ್ಟನಾಯಕ. ರಂಗದ ಮೇಲಿನ ಸಂಕಟ ನನ್ನದೂ ಅಲ್ಲ, ಪಕ್ಕದಲ್ಲಿ ಕೂತವನದೂ ಅಲ್ಲ, ಅದಕ್ಕೇ ಅದು ರುಚಿಸುತ್ತದೆ ಎಂದು ಸಾಧಾರಣೀಕರಣದ ಮಾತು ತೆಗೆದವನು ಅವನು. ಅನ್ವಯ ಹೀಗೆ: ಟಿವಿಯ ಹುಲಿ ಜಿಂಕೆಯನ್ನು ಹಿಡಿಯುತ್ತದೆ. ಆ ಜಿಂಕೆ ಯಾರ ಮನೆಯದೂ ಅಲ್ಲ, ಅದರ ಹಾಲು ಡೇರಿಗೆ ಹೋಗುವುದಿಲ್ಲ, ಪರಿಹಾರದ ಅರ್ಜಿ ಹಿಡಿದು ಯಾರೂ ಕಚೇರಿಯ ಬೆಂಚಿನ ಮೇಲೆ ಕಾಯುವುದಿಲ್ಲ. ಆದ್ದರಿಂದ ಅದು ಭಯಾನಕ ರಸ. ಅದೇ ಹುಲಿ ಗುಂಡ್ಲುಪೇಟೆ ಕಡೆಯ ಕೊಟ್ಟಿಗೆಗೆ ಬಂದರೆ ಬರೀ ಭಯ. ಸ್ಥಾಯಿಭಾವ ಒಂದೇ, ನಡುವೆ ಗಾಜು ಉಂಟೋ ಇಲ್ಲವೋ, ಅಷ್ಟೇ ಭೇದ. ಬೀಭತ್ಸಕ್ಕೂ ಇದೇ ನ್ಯಾಯ. ಕತ್ತೆಕಿರುಬಗಳು ಜೀಬ್ರಾದ ಕರುಳು ಜಗ್ಗುತ್ತಿರುವಾಗ ನಮ್ಮ ಮನೆಯಲ್ಲಿ ಸಾರನ್ನ ಸಲೀಸಾಗಿ ಇಳಿಯುತ್ತದೆ. ಅದೇ ಹೊತ್ತಿಗೆ ಟಿವಿ ಸ್ಟ್ಯಾಂಡಿನ ಕೆಳಗಿಂದ ಒಂದು ಜಿರಳೆ ಮೀಸೆ ಆಡಿಸಿದರೆ ತಟ್ಟೆ ಬಿಟ್ಟು ಎದ್ದುಬಿಡುತ್ತಾರೆ.

'ಬೆಟ್ಟ' ಇಲ್ಲಿ ಉಪಲಕ್ಷಣ. ಕಾಡು, ಹಿಮ, ಹುಲ್ಲುಗಾವಲು ಎಲ್ಲ ಅದರೊಳಗೇ ಬಂತು. ಇಂಥ ಜಾಗಗಳಿಗೆ ನಿರೂಪಕರು ತಪ್ಪದೆ ಅಂಟಿಸುವ ವಿಶೇಷಣ 'ಮನುಷ್ಯನ ಕೈ ಸೋಕದ'. ಪ್ರತಿಗಳನ್ನು ಹೋಲಿಸಿ ನೋಡಿದಾಗ ಇದಕ್ಕೆ 'ಕೈ ತೆಗೆಸಿದ' ಎಂಬ ಪಾಠಾಂತರ ಸಿಗುತ್ತದೆ. ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ತೆಗೆದ 'ಸೆರೆಂಗೆಟಿ ಶಲ್ ನಾಟ್ ಡೈ' ಚಿತ್ರ 1959ರದು, ಆಸ್ಕರ್ ಪಡೆದದ್ದು. ವಿಮಾನಕ್ಕೆ ಜೀಬ್ರಾದ ಪಟ್ಟೆ ಬಳಿದು ಆತ ಮತ್ತು ಮಗ ಮೇಲಿಂದ ಪ್ರಾಣಿಗಳನ್ನು ಎಣಿಸಿದರು. ಆ ಮಗ ಅದೇ ವರ್ಷ ಅದೇ ವಿಮಾನ ಬಿದ್ದು ಸತ್ತ. ಇಲ್ಲಿ ಅಣಕಕ್ಕೆ ಜಾಗವಿಲ್ಲ. ಆದರೆ ಅದೇ 1959ರಲ್ಲಿ ಆ ಹುಲ್ಲುಗಾವಲಿನಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿಗಳನ್ನು ಸೆರೆಂಗೆಟಿಯಿಂದ ಪಕ್ಕದ ಗೊರೊಂಗೊರೊ ಕಡೆಗೆ ಸಾಗಹಾಕಲಾಯಿತು. ಅಲ್ಲಿಂದ ಮುಂದೆ ಅದು ಮನುಷ್ಯನ ಕೈ ಸೋಕದ ನೆಲ.

ನಮ್ಮ ಕಬಿನಿಯನ್ನೇ ನೋಡಿ. ಏಪ್ರಿಲ್-ಮೇ ಬಿಸಿಲಿಗೆ ಹಿನ್ನೀರು ಇಳಿದು, ಒಣಗಿದ ಮಗ್ಗುಲಲ್ಲಿ ಹೊಸ ಹುಲ್ಲು ಹುಟ್ಟಿ, ಆನೆಗಳು ನೂರಾರು ಸಂಖ್ಯೆಯಲ್ಲಿ ಬಂದು ನಿಲ್ಲುತ್ತವೆ. ಕ್ಯಾಮೆರಾ ಮೆಲ್ಲಗೆ ಮೇಲೇಳುತ್ತದೆ, ಕೊಳಲು ಶುರುವಾಗುತ್ತದೆ, ಆದಿಮ ಎಂಬ ಮಾತು ಬರುತ್ತದೆ. ಹಿನ್ನೀರು ಅಂದಮೇಲೆ ಮುಂದೆ ಅಣೆಕಟ್ಟೆ ಇರಲೇಬೇಕಲ್ಲ. ಅದು ಮುಗಿದದ್ದು 1974ರಲ್ಲಿ. ನೀರಿನ ನಡುವೆ ನಿಂತ ಒಣಮರ, ಅದರ ತುದಿಯಲ್ಲಿ ರೆಕ್ಕೆ ಹರವಿ ಕೂತ ನೀರುಕಾಗೆ: ಕ್ಯಾಲೆಂಡರಿಗೆ ಹೇಳಿಮಾಡಿಸಿದ ಆ ಚಿತ್ರ, ಮುಳುಗಿ ಸತ್ತ ಕಾಡಿನದು. 1971ರ ತನಕ ಅದೇ ಸೀಮೆಯ ಕಾಕನಕೋಟೆಯಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿಯುತ್ತಿದ್ದರು. ಆನೆಯ ಜಾಡು ಹಿಡಿದು ಮುಂದೆ ನಡೆಯುತ್ತಿದ್ದ ಕಾಡುಕುರುಬರನ್ನು ಆಮೇಲೆ ಕಾಡಿನ ಹೊರಗೆ ಕೂರಿಸಲಾಯಿತು. ಇಷ್ಟೆಲ್ಲ ಕೈ ಸೋಕಿದ ಮೇಲೂ ಅದು ಸೋಕದಂತೆ ಕಾಣುವುದು ಫ್ರೇಮಿನ ನಾಲ್ಕು ಅಂಚುಗಳ ಮಹಿಮೆ.

'ಕಣ್ಣಿಗೆ': ಚತುರ್ಥಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸೂತ್ರಕಾರರು ಕಿವಿಗೆ ಅನ್ನಲಿಲ್ಲ, ಮೂಗಿಗೆ ಅನ್ನಲಿಲ್ಲ, ಚರ್ಮಕ್ಕಂತೂ ಅನ್ನಲೇ ಇಲ್ಲ. ಲೆನ್ಸು ದೂರದಿಂದ ನೋಡಬಲ್ಲದು. ಮೈಕು ದೂರದಿಂದ ಕೇಳಲಾರದು. ಮಂಜಿನ ಬಯಲಿನಾಚೆ ನಡೆಯುವ ಹಿಮಕರಡಿಯ ಹೆಜ್ಜೆಸದ್ದು ಕ್ಯಾಮೆರಾದವನಿಗೆ ಕೇಳುವುದೇ ಇಲ್ಲ, ಅವನಿಗೆ ಕೇಳುವುದು ತನ್ನದೇ ಹಲ್ಲು ಕಟಕಟ ಅನ್ನುವುದು. ಆದ್ದರಿಂದ ಆ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಕೂತು ಮಾಡುತ್ತಾರೆ. ಹಿಮದ ಮೇಲಿನ ಹೆಜ್ಜೆಗೆ ಈ ಕಸುಬಿನವರು ನೆಚ್ಚಿಕೊಂಡಿರುವ ಸಾಮಗ್ರಿ ಕಸ್ಟರ್ಡ್ ಪೌಡರ್. ಅದನ್ನು ಉದ್ದನೆಯ ಕಾಲುಚೀಲದಲ್ಲಿ ತುಂಬಿ ಹಿಸುಕಿದರೆ ಹಿಮ.

ಸಂಶೋಧಕನಾದವನು ಕೇಳಿದ್ದನ್ನೆಲ್ಲ ನಂಬಬಾರದು. ಒಂದು ಭಾನುವಾರ ಮಧ್ಯಾಹ್ನ, ಮನೆಯವರು ಮಲಗಿದ್ದ ಹೊತ್ತು ನೋಡಿ, ಅಡುಗೆಮನೆಯ ಮೇಲಿನ ಶೆಲ್ಫಿನಿಂದ ವೆನಿಲ್ಲಾ ಕಸ್ಟರ್ಡ್ ಪೌಡರಿನ ಡಬ್ಬಿ ಇಳಿಸಿದೆ. ಮಗಳ ಶಾಲೆಯ ಬಿಳಿ ಕಾಲುಚೀಲಕ್ಕೆ (ಒಗೆದದ್ದು) ಡಬ್ಬಿಯನ್ನು ಪೂರಾ ಬಗ್ಗಿಸಿ, ಬಾಯಿಗೆ ಗಂಟು ಹಾಕಿ, ಲೈಟ್ ಆರಿಸಿ, ಕಣ್ಣು ಮುಚ್ಚಿ ಹಿಸುಕಿದೆ. ಕರುಕ್. ಇನ್ನೊಮ್ಮೆ, ತೂಕದ ಪ್ರಾಣಿ ಕಾಲೆತ್ತಿ ಇಟ್ಟ ಹಾಗೆ ನಿಧಾನಕ್ಕೆ. ಕರುಕ್... ಕರುಕ್. ಸುಳ್ಳು ಹೇಳುವುದಿಲ್ಲ, ಮೈ ಜುಂ ಅಂದಿತು. ಸಿಂಕಿನ ಕಡೆಯಿಂದ ಮಿಕ್ಸಿಯ ಕಡೆಗೆ, ಗ್ರಾನೈಟ್ ಕಟ್ಟೆಯ ಮೇಲೆ ಒಂದು ಹಿಮಕರಡಿ ನಡೆದುಹೋಯಿತು. ಗಾಳಿ ಬೀಸುವ ಸದ್ದಿಗೆ ಬಾಯಿಂದಲೇ 'ಶ್ಶೂ' ಅನ್ನುತ್ತಿದ್ದಾಗ ಲೈಟ್ ಹತ್ತಿತು.

"ಏನ್ರೀ ಅದು?"

"ಆರ್ಕ್ಟಿಕ್."

"ಸಂಜೆ ಫ್ರೂಟ್ ಸಲಾಡಿಗೆ ಅಂತ ಇಟ್ಟಿದ್ದೆ."

ಕಾಲುಚೀಲದ ಹೆಣಿಗೆಯಿಂದ ಹಳದಿ ಹುಡಿ ಸೋರಿ ಕಟ್ಟೆಯುದ್ದಕ್ಕೂ ಹೆಜ್ಜೆಗುರುತು ಮೂಡಿತ್ತು. ಹಿಮಕರಡಿಗೆ ವೆನಿಲ್ಲಾ ವಾಸನೆ ಇರುತ್ತದೆಂಬುದು ಈ ಪ್ರಯೋಗದ ಉಪಫಲ. ಮಾರನೆಯ ದಿನ ಮಗಳ ಪಕ್ಕ ಕೂರುವ ಹುಡುಗಿ ಇದನ್ನು ಸ್ವತಂತ್ರವಾಗಿ ದೃಢಪಡಿಸಿದ್ದಾಳೆ.

'ನುಣ್ಣಗೆ' ಎಂಬುದಕ್ಕೆ ಪ್ರಾಚೀನರು 'ಉಬ್ಬುತಗ್ಗು ಕಾಣದಂತೆ' ಎಂದು ಅರ್ಥ ಹೇಳುತ್ತಾರೆ. ನವ್ಯರ ಮತದಲ್ಲಿ ಇದು ಎಡಿಟಿಂಗ್. 2016ರ 'ಪ್ಲಾನೆಟ್ ಅರ್ಥ್ 2'ರಲ್ಲಿ ಗಲಾಪಗಸ್ ದ್ವೀಪದ ಮರಿ ಇಗ್ವಾನಾವೊಂದು ಹಾವುಗಳ ಹಿಂಡಿನ ನಡುವಿನಿಂದ ತಪ್ಪಿಸಿಕೊಂಡು ಓಡುವುದನ್ನು ನೋಡಿ ಸೋಫಾದ ಅಂಚಿಗೆ ಬರದವರುಂಟೇ? ಓಡಿದ್ದು ಒಂದೇ ಮರಿಯಲ್ಲ. ಬೇರೆ ಬೇರೆ ಮರಿಗಳ ಓಟವನ್ನು ಹೊಲಿದು ಒಂದು ಓಟ ಮಾಡಿದ್ದು. ನಮ್ಮ ಸಿನಿಮಾದವರಿಗೆ ಇದರಲ್ಲೇನೂ ಹೊಸದಿಲ್ಲ, ಹೀರೋ ಬೆಟ್ಟದಿಂದ ಹಾರುವಾಗ ಡೂಪ್ ಹಾರುತ್ತಾನೆ. ಈ ವಿದ್ಯೆಯ ಆದಿಗ್ರಂಥ 1922ರ 'ನಾನೂಕ್ ಆಫ್ ದ ನಾರ್ತ್'. ಇಗ್ಲೂವಿನೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದು ಎಂದು ಅದರ ನಿರ್ದೇಶಕ ಫ್ಲಾಹರ್ಟಿ ಅರ್ಧ ಇಗ್ಲೂ ಕಟ್ಟಿಸಿದ. ಪಾಪ, ನಾನೂಕನ ಸಂಸಾರ ಗೋಡೆಯಿಲ್ಲದ ಮನೆಯಲ್ಲಿ, ಬಯಲ ಚಳಿಯಲ್ಲಿ, ಬೆಚ್ಚಗೆ ಮಲಗಿದಂತೆ ನಟಿಸಿತು.

ಆದರೆ ನುಣುಪಿನ ಪರಾಕಾಷ್ಠೆ ಲೆಮಿಂಗ್ ಪ್ರಕರಣ. ಲೆಮಿಂಗ್ ಎಂದರೆ ಇಲಿಯ ಜಾತಿಯ ಗುಂಡನೆಯ ಪ್ರಾಣಿ. ಅವು ಹಿಂಡುಗಟ್ಟಿ ಬೆಟ್ಟದಿಂದ ಹಾರಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ನಂಬಿದವರು ಇವತ್ತಿಗೂ ಇದ್ದಾರೆ. ಡಿಸ್ನಿಯ 1958ರ 'ವೈಟ್ ವೈಲ್ಡರ್‌ನೆಸ್' ಅದನ್ನು ಕಣ್ಣಾರೆ ತೋರಿಸಿತು, ಆಸ್ಕರನ್ನೂ ಗೆದ್ದಿತು. 1980ರ ದಶಕದಲ್ಲಿ ಕೆನಡಾದ ಸಿಬಿಸಿಯವರು ಕೆದಕಿದಾಗ ಹೊರಬಿದ್ದದ್ದು: ಚಿತ್ರೀಕರಣ ನಡೆದದ್ದು ಸಮುದ್ರವೇ ಇಲ್ಲದ ಆಲ್ಬರ್ಟಾದಲ್ಲಿ. ಲೆಮಿಂಗುಗಳೂ ಅಲ್ಲಿಯವಲ್ಲ, ಬೇರೆ ಕಡೆಯ ಮಕ್ಕಳಿಗೆ ಕಾಸು ಕೊಟ್ಟು ಹಿಡಿಸಿ ತಂದದ್ದು. ಹತ್ತಾರನ್ನು ಸಾವಿರಾರು ಮಾಡಲು ಹಿಮ ಹರಡಿದ ತಿರುಗುವ ತಟ್ಟೆಯ ಮೇಲೆ ಓಡಿಸಿದರು, ಕೊನೆಗೆ ತಾವೇ ನೂಕಿದರು. ಸತ್ತದ್ದು ಮಾತ್ರ ನಿಜ. ಇಲಿಗೆ ವೈರಾಗ್ಯ ಬಂದದ್ದನ್ನು ಕಣ್ಣಲ್ಲಿ ನೀರು ತಂದುಕೊಂಡು ನೋಡಿದ ಒಂದು ತಲೆಮಾರಿನ ಸೋಫಾಪ್ರಸ್ಥರು ಅದೇ ರಾತ್ರಿ ಅಡುಗೆಮನೆಯಲ್ಲಿ ಇಲಿಬೋನು ಇಟ್ಟು ಮಲಗಿರಬೇಕು.

ಇಷ್ಟನ್ನು ಓದಿ ಹೇಳಿದಾಗ ಮಗಳು ಪೂರ್ವಪಕ್ಷ ಹೂಡಿದಳು: "ಹಾಗಾದ್ರೆ ಎಲ್ಲಾ ಸುಳ್ಳಾ ಅಪ್ಪಾ?" ಶಾಸ್ತ್ರಕಾರನಿಗೆ ಇಂಥ ನೇರ ಪ್ರಶ್ನೆಗಳು ಆಗಿಬರುವುದಿಲ್ಲ. ಸುಳ್ಳಲ್ಲ ಅಂದೆ. 2020ರ ಜನವರಿಯಲ್ಲಿ 'ವೈಲ್ಡ್ ಕರ್ನಾಟಕ' ಥಿಯೇಟರಿಗೆ ಬಂದಾಗ ನಾನೂ ಟಿಕೆಟ್ ಕೊಂಡು ಹೋಗಿದ್ದೆ. ಅಮೋಘವರ್ಷ, ಕಲ್ಯಾಣ್ ವರ್ಮಾ ತಂಡ ವರ್ಷಗಟ್ಟಲೆ ಕಾದು ಹಿಡಿದದ್ದನ್ನು ನೋಡುತ್ತ, ಡೇವಿಡ್ ಅಟೆನ್‌ಬರೋ ಎಂಬ 93ರ ಅಜ್ಜ 'ಕರ್ನಾಟಕ' ಎಂದು ತನ್ನ ಗಂಟಲಲ್ಲಿ ಉಚ್ಚರಿಸಿದ್ದನ್ನು ಕೇಳುತ್ತ ನನಗೂ ಕಣ್ಣು ಮಂಜಾಯಿತು. ಅಲ್ಲಿಯವರೆಗೆ ಚಿತ್ರದಲ್ಲಿ ಕಂಡ ಘಟ್ಟದ ಕಾಡು ನನ್ನ ಪಾಲಿಗೆ ಬಸ್ಸಿನ ಕಿಟಕಿಯಿಂದ ವಾಂತಿ ಮಾಡಿಕೊಂಡ ಜಾಗವಾಗಿತ್ತು. ಅಮ್ಮ ನಿಂಬೆಹಣ್ಣು ಮೂಸಿಸುತ್ತ "ಇನ್ನೆಷ್ಟು ತಿರುವು ಇದೆಯೋ" ಅನ್ನುತ್ತಿದ್ದಳು. ಆ ತಿರುವುಗಳನ್ನೇ ಇಂಗ್ಲಿಷ್ ದನಿಯೊಂದು ಕೊಂಡಾಡಿದ ಮೇಲೆ ನನಗೆ ಅವು ಕಂಡವು. ಇದನ್ನು ನಾಚಿಕೆ ಎಂದು ದಾಖಲಿಸಬೇಕೋ, ರಸಾನುಭವ ಎಂದೋ ನಿರ್ಧಾರವಾಗಿಲ್ಲ.

ಇನ್ನು ಕ್ಷೇತ್ರಕಾರ್ಯ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಆಗುಂಬೆಯ ಸೀಮೆಯಲ್ಲಿ ನನ್ನ ಸೋದರಮಾವನ ತೋಟವಿದೆ. ಕಳೆದ ಮಳೆಗಾಲದಲ್ಲಿ ಅಲ್ಲಿ ಮೂರು ದಿನ ಇದ್ದೆ. ಹಗಲು ಮಂಗ, ರಾತ್ರಿ ಹಂದಿ ಮತ್ತು ಕಾಟಿ, ಮಧ್ಯೆ ಬಿಡುವಿದ್ದಾಗ ಮುಳ್ಳುಹಂದಿ: ಮಾವನ ದಿನಚರಿ ಇವುಗಳ ಪಾಳಿಗೆ ಹೊಂದಿಕೊಂಡದ್ದು. ಕೊಟ್ಟಿಗೆಗೆ ಕಾಳಿಂಗ ಬಂದಿದ್ದ ಸುದ್ದಿಯನ್ನು ಅವರು "ಓ, ಅದಾ, ಬಂದಿತ್ತು" ಎಂದು ಅರ್ಧ ಮಾತಿನಲ್ಲಿ ಮುಗಿಸಿ, ಎಲೆಗೆ ಸುಣ್ಣ ಹಚ್ಚುತ್ತ, ಉಳಿದ ಸುಣ್ಣವನ್ನು ನನ್ನ ಹಿಮ್ಮಡಿಯ ಉಂಬಳಕ್ಕೆ ಒತ್ತಿದರು.

ರಾತ್ರಿ ಊಟವಾದ ಮೇಲೆ ಟಿವಿ ಹಾಕಿದರು. ಸೆರೆಂಗೆಟಿ. ಒಣಹುಲ್ಲಿನಲ್ಲಿ ಹೊಟ್ಟೆ ತಾಗಿಸಿಕೊಂಡು ಹೆಣ್ಣುಸಿಂಹ ಕಾಡೆಮ್ಮೆಯ ಕಡೆಗೆ ಸರಿಯುತ್ತಿತ್ತು. ಮಾವ ಕುರ್ಚಿಯ ತುದಿಗೆ ಬಂದರು. "ಎಂಥ ಚಂದದ ಕಾಡು ನೋಡು ಮಾರಾಯ! ಕಾಡು ಅಂದ್ರೆ ಹಿಂಗಿರಬೇಕು." ಹೊರಗೆ ಹಂಚಿನ ಮೇಲೆ ಮಳೆ ಒಮ್ಮೆಲೇ ಜೋರಾಯಿತು. ಸಿಂಹಿಣಿ ಹಾರುವುದಕ್ಕೆ ಹಿಂಗಾಲು ಕುಗ್ಗಿಸಿದ್ದಷ್ಟೇ, ಚಿತ್ರ ಚೌಕಚೌಕವಾಗಿ ಒಡೆದು, ನೀಲಿ ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂದು ಬಂತು. ಮಾವ ರಿಮೋಟನ್ನು ಅಂಗೈಗೆ ಬಡಿದರು. ತೋಟದ ಕೆಳಗಿನಿಂದ ಬಾಳೆಗಿಡ ಲಟಕ್ಕನೆ ಮುರಿದ ಸದ್ದು, ಹಿಂದೆಯೇ ಏದುಸಿರಿನಂಥ ಒಂದು ದೊಡ್ಡ ಉಸಿರು.

"ಕಾಟಿ ಬಂತು ಕಾಣ್ತದೆ," ಎಂದು ಅತ್ತೆ ಟಾರ್ಚೂ ತಗಡಿನ ಡಬ್ಬವೂ ಎತ್ತಿಕೊಂಡರು.

"ಒಂದ್ ನಿಮಿಷ ಇರೇ," ಎಂದರು ಮಾವ, ರಿಮೋಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಸೆಲ್ಲುಗಳನ್ನು ತಿರುಗಿಸಿ ಹಾಕುತ್ತ. "ಆ ಕಾಡೆಮ್ಮೆ ಕತೆ ಎಂತಾಯ್ತು ನೋಡ್ಕಂಡ್ ಬರ್ತೆ."