ವರ್ಷಕ್ಕೊಂದು ವಾಹನ

ಹೊಸ ವರ್ಷದ ವಿಷಯದಲ್ಲಿ ನಮ್ಮ ಮೂಡಿಗೆರೆ ಕಡೆಯವರಿಗೆ ಯಾವ ಕೊರತೆಯೂ ಇಲ್ಲ. ಜನವರಿ ಒಂದಕ್ಕೆ ಕೇಕಿನದೊಂದು, ಚೈತ್ರದ ಪಾಡ್ಯಕ್ಕೆ ಬೇವು-ಬೆಲ್ಲದ್ದೊಂದು. ಘಟ್ಟದ ಕೆಳಗಿನಿಂದ ಚಾರ್ಮಾಡಿ ಹತ್ತಿ ಬಂದು ನೆಲೆಸಿದವರ ಮನೆಗಳಲ್ಲಿ ಏಪ್ರಿಲ್ ನಡುವಿನ ಸೌರಮಾನ ಯುಗಾದಿ. ಬ್ಯಾಂಕಿನವರಿಗೆ ಏಪ್ರಿಲ್ ಒಂದು. ಸಾಲದ್ದಕ್ಕೆ ಕಾಫಿಗೇ ಒಂದು ಬೇರೆ ವರ್ಷವಿದೆ. ಅದು ಅಕ್ಟೋಬರಿಗೆ ಹುಟ್ಟಿ ಸೆಪ್ಟೆಂಬರಿಗೆ ಮುಗಿಯುತ್ತದೆ. ಇಷ್ಟೊಂದು ವರ್ಷಗಳು ಹೊಸದಾಗಿ ಬಂದರೂ ಹಳೇ ಸಾಲ ಮಾತ್ರ ಯಾವ ಲೆಕ್ಕದಲ್ಲೂ ಮುಗಿಯುವುದಿಲ್ಲ ಎನ್ನುವುದು ನಮ್ಮ ಮನೆಯವರ ಗೊಣಗಾಟ. ಅಂಥದ್ದರಲ್ಲಿ ನಾನು ಈ ಫೆಬ್ರುವರಿಯಲ್ಲಿ ಇನ್ನೂ ಒಂದು ಹೊಸ ವರ್ಷವನ್ನು ಮನೆಗೆ ತಂದೆ. ಅದು ಬಂದದ್ದು ಒಂದು ಸ್ವೆಟರಿನ ಜೊತೆ.

ಚಳಿಗಾಲದಲ್ಲಿ ಪೇಟೆಯ ರಸ್ತೆ ಬದಿಗೆ ಸ್ವೆಟರ್ ಅಂಗಡಿ ಹಾಕುವ ಟಿಬೆಟಿಯನ್ನರನ್ನು ಯಾರು ನೋಡಿಲ್ಲ? ಚಿಕ್ಕಮಗಳೂರಿನಲ್ಲಿ ನಾನು ಚೌಕಾಸಿ ಮಾಡುತ್ತಿದ್ದ ಹೆಂಗಸು ಬೈಲಕುಪ್ಪೆಯವಳು, ಹುಟ್ಟಿದ್ದೇ ಅಲ್ಲಿ. ಅವಳ ಕನ್ನಡದಲ್ಲಿ ಪಿರಿಯಾಪಟ್ಟಣದ ರಾಗವಿತ್ತು. ಗಂಟುಮೂಟೆ ಕಟ್ಟುವ ಅವಸರದಲ್ಲಿದ್ದಳು. ಫೆಬ್ರುವರಿ 18ಕ್ಕೆ ಅವರ ಹೊಸ ವರ್ಷ ಲೋಸಾರ್, ಅಷ್ಟರೊಳಗೆ ಊರು ಸೇರಬೇಕು. ಯಾವ ವರ್ಷ ಬರುತ್ತದಮ್ಮ ನಿಮಗೆ ಎಂದು ಕೇಳಿದೆ. "ಕುದುರೆ ವರ್ಷ ಅಕ್ಕಾ. ನೀವು ಹುಟ್ಟಿದ್ದು ಯಾವಾಗ?" 1966 ಎಂದೆ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ಹೋಗಿ, "ಅಯ್ಯೋ, ನೀವೂ ಬೆಂಕಿ ಕುದುರೆ! ಈ ವರ್ಷ ನಿಮ್ಮದೇ. ಸ್ವಲ್ಪ ಜೋಪಾನ" ಎಂದಳು. ಹಾಗೆಂದವಳೇ ಐವತ್ತು ರೂಪಾಯಿ ಇಳಿಸಿದಳು. ಕುದುರೆಯಾದದ್ದಕ್ಕೆ ಕಂಡ ಮೊದಲ ಲಾಭ ಅದು.

ಮನೆಗೆ ಬಂದು ವಿಚಾರಿಸಿದರೆ ಅದೊಂದು ದೊಡ್ಡ ಸಂಸಾರ. ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, ಹಂದಿ: ಚೀನೀಯರಿಗೆ ವರ್ಷಕ್ಕೊಂದರಂತೆ ಹನ್ನೆರಡು ಪ್ರಾಣಿಗಳು. ದೇವರು ಓಟದ ಪಂದ್ಯ ಇಟ್ಟನಂತೆ. ಇಲಿ ಎತ್ತಿನ ಬೆನ್ನೇರಿ ಹೊಳೆ ದಾಟಿ, ಗೆಲ್ಲುವ ಗಳಿಗೆಯಲ್ಲಿ ಮುಂದಕ್ಕೆ ಹಾರಿ ಮೊದಲ ಸ್ಥಾನ ಹೊಡೆದುಕೊಂಡಿತಂತೆ. ಸಹಕಾರ ಸಂಘದ ಚುನಾವಣೆ ನೋಡಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡು ಪ್ರಾಣಿಗಳ ಜೊತೆಗೆ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳು ತಿರುಗುತ್ತವೆ. ಹೀಗಾಗಿ ಬೆಂಕಿ ಕುದುರೆ ಒಮ್ಮೆ ಬಂದು ಹೋದರೆ ಮತ್ತೆ ಬರುವುದು ಅರವತ್ತು ವರ್ಷಕ್ಕೆ. 2026ರ ಫೆಬ್ರುವರಿ 17ಕ್ಕೆ ಅದು ಚೀನಾಕ್ಕೆ ಬಂತು, ಮರುದಿನ ಬೈಲಕುಪ್ಪೆಗೆ.

ಅರವತ್ತು ಎಂದ ಕೂಡಲೇ ಕಿವಿ ನಿಮಿರಿತು. ಪ್ರಭವದಿಂದ ಅಕ್ಷಯದವರೆಗೆ ನಮ್ಮವೂ ಅರವತ್ತೇ ಸಂವತ್ಸರಗಳಲ್ಲವೇ? ಗುರುಗ್ರಹ ರಾಶಿಚಕ್ರ ಸುತ್ತಲು ತೆಗೆದುಕೊಳ್ಳುವ ಹನ್ನೆರಡು ವರ್ಷದ ಐದು ಸುತ್ತು. ಇದಕ್ಕಿಂತ ಸ್ವಾರಸ್ಯದ ಸಂಗತಿ ಟಿಬೆಟಿನದು. ಪ್ರಾಣಿಗಳು ಅವರಿಗೆ ಚೀನಾದ ಕಡೆಯಿಂದ ಬಂದವು. ಆದರೆ ಅವರ ಅರವತ್ತರ ಸುತ್ತು ಶುರುವಾಗುವುದು 1027ರಿಂದ, ಭಾರತದಿಂದ ಹೋದ ಕಾಲಚಕ್ರ ತಂತ್ರದ ಜೊತೆಯಲ್ಲಿ. ಅವರ ಸುತ್ತಿನ ಮೊದಲ ವರ್ಷ ನಮ್ಮ ಪ್ರಭವವೇ. ಕಳೆದ ಸಲ 1987ರಲ್ಲಿ ನಮ್ಮಲ್ಲಿ ಪ್ರಭವ ಬಂದಾಗ ಅವರಲ್ಲಿ ಹದಿನೇಳನೆಯ ಸುತ್ತು ಶುರುವಾಯಿತು. ಅಂದರೆ ಬೈಲಕುಪ್ಪೆಯ ಆ ಹೆಂಗಸು ಬೆರಳ ಗೆಣ್ಣಿನಲ್ಲಿ ಎಣಿಸಿದ್ದು ಅರ್ಧ ಚೀನಾದ್ದು, ಅರ್ಧ ನಮ್ಮದು. ಅವಳ ಬೆಂಕಿ ಕುದುರೆ ನಮ್ಮ ಪಂಚಾಂಗದಲ್ಲಿ ಪರಾಭವ ಸಂವತ್ಸರ. 1966ರಲ್ಲೂ ಅದೇ, ಬರುವ ಮಾರ್ಚ್ 19ರ ಯುಗಾದಿಗೂ ಅದೇ. ಉತ್ತರ ಕನ್ನಡದ ಮುಂಡಗೋಡಿನಲ್ಲಿ ಟಿಬೆಟಿಯನ್ನರ ಕ್ಯಾಂಪ್ ಶುರುವಾದದ್ದೂ 1966ರಲ್ಲೇ. ನನಗೆ ಓರಗೆಯವರು ಅಲ್ಲಲ್ಲಿ ಇದ್ದಾರೆ ಎಂದು ಸಮಾಧಾನವಾಯಿತು.

ಆ ಸಮಾಧಾನ ಜಪಾನಿನ ಸುದ್ದಿ ಓದುವ ತನಕ ಇತ್ತು. ಬೆಂಕಿ ಕುದುರೆ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನನ್ನು ನುಂಗುತ್ತಾಳೆ ಎಂದು ಅಲ್ಲಿ ಹಳೆಯ ನಂಬಿಕೆ. 1965ರಲ್ಲಿ ಆ ದೇಶದಲ್ಲಿ ಹುಟ್ಟಿದ ಮಕ್ಕಳು ಸುಮಾರು 18.2 ಲಕ್ಷ; 1966ರಲ್ಲಿ ಸುಮಾರು 13.6 ಲಕ್ಷ. ಮರುವರ್ಷ ಮತ್ತೆ 19 ಲಕ್ಷ ದಾಟಿತು. ರೇಡಿಯೊ, ಕ್ಯಾಮೆರಾ, ಬುಲೆಟ್ ರೈಲು ಎಲ್ಲ ಮಾಡಿ ಮುಗಿಸಿದ್ದ ದೇಶ ಒಂದು ಕುದುರೆಗೆ ಹೆದರಿ ನಾಲ್ಕರಲ್ಲೊಂದು ತೊಟ್ಟಿಲನ್ನು ಖಾಲಿ ಬಿಟ್ಟಿತ್ತು. ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಶುಗರ್ ಮಾತ್ರೆಯನ್ನು ಕೈಯಲ್ಲಿ ಹಿಡಿದಿದ್ದವರು ಹಾಗೇ ನಿಂತು, "ಇದನ್ನ ಮದುವೆಗೆ ಮುಂಚೆ ಹೇಳೋದಲ್ವ?" ಎಂದರು.

ಹೇಳಿದ್ದರೂ ಏನಾಗುತ್ತಿತ್ತು? ನಮ್ಮ ಜಾತಕ ಕೂಡಿಸುವಾಗಲೂ ಪ್ರಾಣಿಗಳದ್ದೇ ತಕರಾರು ಎದ್ದಿತ್ತು. ಚೀನೀಯರದು ಹನ್ನೆರಡಾದರೆ ನಮ್ಮ ಯೋನಿಕೂಟದ ಪಟ್ಟಿಯಲ್ಲಿ ಹದಿನಾಲ್ಕು, ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿಟ್ಟಿದ್ದಾರೆ. ನಾನು ಮಘಾ, ಅಂದರೆ ಇಲಿ. ಅವರು ಪುನರ್ವಸು, ಅಂದರೆ ಬೆಕ್ಕು. ಹುಲಿಗೂ ಹಸುವಿಗೂ, ಹಾವಿಗೂ ಮುಂಗುಸಿಗೂ ಇರುವ ಹಾಗೆ ಇಲಿಗೂ ಬೆಕ್ಕಿಗೂ ಶಾಸ್ತ್ರೋಕ್ತ ವೈರ. ಪುರೋಹಿತರು ಕನ್ನಡಕ ಒರೆಸಿಕೊಂಡು ಉಳಿದ ಕೂಟಗಳಲ್ಲಿ ಹೇಗೋ ಗುಣ ಹೊಂದಿಸಿ, "ನಡೆಯುತ್ತೆ" ಎಂದರು. ನಡೆಯಿತು. ಇಷ್ಟು ವರ್ಷದಲ್ಲಿ ಬೆಕ್ಕು ಇಲಿಯನ್ನು ಹಿಡಿದದ್ದಕ್ಕಿಂತ ಇಲಿ ಬೆಕ್ಕಿನ ಜೇಬಿಗೆ ಕೈ ಹಾಕಿದ್ದೇ ಹೆಚ್ಚು.

ಇನ್ನು ವರ್ಷಕ್ಕೆ ಪರಾಭವ ಎಂದು ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು. ವಿರೋಧಿ, ದುರ್ಮುಖಿ, ರಾಕ್ಷಸ, ರಕ್ತಾಕ್ಷಿ, ಕ್ರೋಧಿ ಎಂದೆಲ್ಲ ಹೆಸರಿಟ್ಟುಕೊಂಡು, ಅದೇ ವರ್ಷದಲ್ಲಿ ಮದುವೆ ಮಾಡಿ, ಮನೆ ಕಟ್ಟಿ, ಲಗ್ನಪತ್ರಿಕೆಯಲ್ಲಿ 'ಶ್ರೀಮನ್ನೃಪ ಶಾಲಿವಾಹನ ಶಕೆ' ಆದ ಮೇಲೆ ಅದೇ ಹೆಸರನ್ನು ಅಚ್ಚು ಹಾಕಿಸುವವರು ನಾವು. ರಾಕ್ಷಸನಾಮ ಸಂವತ್ಸರದಲ್ಲಿ ಹೆರಿಗೆ ಕಡಿಮೆಯಾಯಿತೆಂದು ನಮ್ಮಲ್ಲಿ ಯಾರೂ ದೂರಿದ್ದು ಕೇಳಿಲ್ಲ. ಕೆಟ್ಟ ಹೆಸರನ್ನು ವರ್ಷದ ಮೇಲೆ ಹೊರಿಸಿಬಿಟ್ಟರೆ ಮನೆಯವರೆಲ್ಲ ಒಳ್ಳೆಯವರಾಗಿ ಉಳಿಯಬಹುದು ಎನ್ನುವ ಲೆಕ್ಕವೋ ಏನೋ.

ಪ್ರಾಣಿ ವಾಹನವಾಗಿ ಬರುವುದೂ ನಮಗೆ ಹೊಸದಲ್ಲ. ಮಕರ ಸಂಕ್ರಾಂತಿಗೆ ಸಂಕ್ರಾಂತಿ ಪುರುಷ ಬರುವುದೇ ಪ್ರಾಣಿಯ ಮೇಲೆ. ಆ ಗಳಿಗೆಯ ಕರಣ ನೋಡಿ ಸಿಂಹ, ಹುಲಿ, ಹಂದಿ, ಕತ್ತೆ, ಆನೆ, ಕೋಣ ಎಂದು ವಾಹನ ಗೊತ್ತುಮಾಡುತ್ತಾರೆ. ಅವನು ಏನು ಉಟ್ಟಿದ್ದಾನೋ ಏನು ತಿನ್ನುತ್ತಿದ್ದಾನೋ ಅದಕ್ಕೆಲ್ಲ ಆ ವರ್ಷ ಹಾನಿ, ಇಲ್ಲವೇ ಬೆಲೆಯೇರಿಕೆ. ಈ ಜನವರಿಯಲ್ಲಿ ಬಂದದ್ದು ಬಾಲವ ಕರಣದಲ್ಲಿ. ಹುಲಿ ವಾಹನ, ಕುದುರೆ ಉಪವಾಹನ. ಕುದುರೆ ಅಲ್ಲೂ ತಪ್ಪಲಿಲ್ಲ. ಮರಾಠಿ ಪಂಚಾಂಗಗಳಲ್ಲಿ ಒಂದೊಂದು ಮಳೆ ನಕ್ಷತ್ರಕ್ಕೂ ಕಪ್ಪೆ, ನರಿ, ನವಿಲು, ಕತ್ತೆ, ಎಮ್ಮೆ ಎಂದು ಸವಾರಿ ಬರೆದಿರುತ್ತಾರೆ. ಕಪ್ಪೆ ಏರಿ ಬಂದ ಮಳೆ ಚೆನ್ನಾಗಿ ಹೊಡೆಯುತ್ತದಂತೆ.

ಮೂಡಿಗೆರೆಯಲ್ಲಿ ಮಾತ್ರ ವರ್ಷ ಯಾವುದೇ ಇರಲಿ, ಪ್ರಾಣಿ ಒಂದೇ. ಬೆಳಗ್ಗೆ ಎದ್ದು ಫೋನ್ ತೆಗೆದರೆ ವಾಟ್ಸಾಪಿನಲ್ಲಿ ಮೊದಲು ಕಾಣುವುದು ಅದರದೇ ಫಲ: ಇಂಥ ತೋಟದಲ್ಲಿ ಆನೆಗಳ ಗುಂಪು ಬೀಡುಬಿಟ್ಟಿದೆ, ಒಂಟಿ ಸಲಗ ರಸ್ತೆ ದಾಟಿದೆ, ಕಾರ್ಮಿಕರು ಒಬ್ಬೊಬ್ಬರೇ ಓಡಾಡಬಾರದು. 2022ರಲ್ಲಿ ಜನ ಸತ್ತು ಊರೆಲ್ಲ ಬೀದಿಗಿಳಿದ ಮೇಲೆ ಸರ್ಕಾರ ಆನೆ ಕಾರ್ಯಪಡೆ ಮಾಡಿತು. ಅದು ಕಳಿಸುವ ಈ ಎಚ್ಚರಿಕೆಯನ್ನು ನಾವು ನಂಬುತ್ತೇವೋ ಇಲ್ಲವೋ ಎನ್ನುವ ಪ್ರಶ್ನೆಯೇ ಇಲ್ಲ. ತೋಟದ ರೈಟರು ಅದನ್ನು ಓದಿಯೇ ಆಳುಗಳನ್ನು ಯಾವ ಕಡೆ ಕಳಿಸುವುದೆಂದು ತೀರ್ಮಾನಿಸುತ್ತಾರೆ. ಹನ್ನೆರಡು ಪ್ರಾಣಿಗಳ ಓಟಕ್ಕೆ ಆನೆಯನ್ನು ಏಕೆ ಕರೆಯಲಿಲ್ಲವೋ ಆ ದೇವರೇ ಬಲ್ಲ. ಕರೆದಿದ್ದರೆ ಇಲಿಯ ಜಾಣತನ ಅಲ್ಲೇ ಮುಗಿಯುತ್ತಿತ್ತು.

ನಮ್ಮನೆಯ ವರ್ಷಫಲ ಪಂಚಾಂಗದಲ್ಲಿದೆ. ಯುಗಾದಿ ದಿನ ಅದನ್ನು ಓದಿಸುವ ಪದ್ಧತಿ ಅತ್ತೆಯ ಕಾಲದಿಂದ ಬಂದದ್ದು. ಯುಗಾದಿ ಯಾವ ವಾರವೋ ಆ ವಾರದ ಗ್ರಹ ರಾಜ. ಮೇಷ ಸಂಕ್ರಮಣ ಯಾವ ವಾರವೋ ಆ ಗ್ರಹ ಮಂತ್ರಿ. ಈ ಸಲ ಗುರುವಾರ ಯುಗಾದಿ, ಮಂಗಳವಾರ ಸಂಕ್ರಮಣ. ಗುರು ರಾಜ, ಕುಜ ಮಂತ್ರಿ. ಕ್ಯಾಲೆಂಡರ್ ಕೈಗೆ ಕೊಟ್ಟರೆ ಹೈಸ್ಕೂಲು ಹುಡುಗರೂ ಮಂತ್ರಿಮಂಡಲ ರಚಿಸಿಬಿಡುತ್ತಾರೆ, ಅದೂ ಭಿನ್ನಮತವಿಲ್ಲದೆ. ಮುಂದೆ ಕಂದಾಯ ಫಲ: ನಕ್ಷತ್ರಕ್ಕೆ ಮೂರು ಅಂಕಿ, ನಾಲ್ಕು ನಾಲ್ಕು ತಿಂಗಳಿಗೆ ಒಂದು. ಬೆಸ ಬಂದರೆ ಲಾಭ, ಸಮ ಬಂದರೆ ಸಮ, ಸೊನ್ನೆ ಬಂದರೆ ಎಲ್ಲರೂ ಆ ನಕ್ಷತ್ರದವರ ಮುಖ ನೋಡುವುದು. ಆಮೇಲೆ ಮಳೆ ಎಷ್ಟು ಕೊಳಗ ಎನ್ನುವ ವಿಚಾರ. ಅದರಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಪರ್ವತಕ್ಕೆ ಇಷ್ಟು, ಭೂಮಿಗೆ ಇಷ್ಟು. ಇಲ್ಲಿಗೆ ಬಂದಾಗ ಪ್ರತಿ ವರ್ಷ ಮಾವನವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಭಟ್ರೇ, ನಮ್ಮ ತೋಟ ಯಾವ ಖಾತೆ? ಪರ್ವತವೋ, ಭೂಮಿಯೋ?" ಭಟ್ಟರು ಕಾಫಿ ಕುಡಿಯುತ್ತಾ, "ಕಂದಾಯ ಎಲ್ಲಿಗೆ ಕಟ್ತೀರಿ ಅದರ ಮೇಲೆ" ಎಂದು ಜಾರಿಕೊಳ್ಳುತ್ತಿದ್ದರು.

ತಮಾಷೆಯೆಂದರೆ ಆ ಫಲ ಓದುವ ಹೊತ್ತಿಗೆ ಕಾಫಿಯ ಹಣೆಬರಹ ಅರ್ಧ ಬರೆದಾಗಿರುತ್ತದೆ. ಪಂಚಾಂಗದ ಮಳೆ ಅಶ್ವಿನಿ, ಭರಣಿಯಿಂದ ಲೆಕ್ಕ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ಗದ್ದೆಯವರದು. ರೋಬಸ್ಟಾ ಬೇಡುವ ಹೂಮಳೆ ಅದಕ್ಕೂ ಮುಂಚೆ, ಫೆಬ್ರುವರಿ-ಮಾರ್ಚಿನಲ್ಲಿ ಬರಬೇಕು. ಒಂದು ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಹೂ ಬಿರಿದ ದಿನವೇ ಮತ್ತೆ ಹೊಡೆದರೆ ಕಾಯಿ ಕಚ್ಚುವುದಿಲ್ಲ. ಎರಡು ಮೂರು ವಾರ ಬಿಟ್ಟು ಇನ್ನೊಂದು ಬಾರದಿದ್ದರೆ ಕಚ್ಚಿದ್ದೂ ನಿಲ್ಲುವುದಿಲ್ಲ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಮೋಡ ನೋಡುತ್ತಾರೆ. ಈ ದೃಷ್ಟಿಯಿಂದ ನಮಗೆ ಸರಿಯಾದ ಹೊತ್ತಿಗೆ ಬರುವ ಹೊಸ ವರ್ಷ ಚೀನಾದ್ದೇ. ವಿಯೆಟ್ನಾಮಿನವರದೂ ಅದೇ ದಿನ. ಅವರ ಪಟ್ಟಿಯಲ್ಲಿ ಮೊಲದ ಬದಲು ಬೆಕ್ಕಿದೆ ಎಂದು ಗೊತ್ತಾದಾಗ ನಮ್ಮ ಮನೆಯವರಿಗೆ ಆ ದೇಶದ ಮೇಲೆ ಅಭಿಮಾನ ಹುಟ್ಟಿತು. ಮೊದಲು ಬರೀ ಸಿಟ್ಟಿತ್ತು, ಲೋಕದಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯುವವರು ಅವರಲ್ಲವೇ! ಅವರು ಹಬ್ಬಕ್ಕೆಂದು ಮಂಡಿ ಮುಚ್ಚಿ ಕೂತರೆ ಲಂಡನ್ನಿನ ರೇಟು ಅತ್ತಲೋ ಇತ್ತಲೋ ಎಂದು ನಮ್ಮ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಚರ್ಚೆ ಶುರುವಾಗುತ್ತದೆ.

ನಮ್ಮ ಜಗಲಿಯ ಗೋಡೆಯಲ್ಲಿ ಎರಡು ಮೊಳೆಗಳಿವೆ. ಒಂದರಲ್ಲಿ ಪಂಚಾಂಗ. ಇನ್ನೊಂದರಲ್ಲಿ ಮಾವನವರು ಶುರು ಮಾಡಿದ ಮಳೆ ಪುಸ್ತಕ, ಉದ್ದನೆಯ ರಿಜಿಸ್ಟರು, ರಟ್ಟಿಗೆ ದಾರ ಪೋಣಿಸಿದ್ದು. ದಿನಾಂಕ, ಇಂಚು, ಸೆಂಟ್, ಷರಾ ಎಂದು ನಾಲ್ಕು ಕಾಲಂ. ಬೆಳಗ್ಗೆ ಅಂಗಳದ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ ಬರೆಯಬೇಕು. ಅಂಕಿಗಳಿಗಿಂತ ನನಗೆ ಷರಾ ಇಷ್ಟ. 'ಹೂಮಳೆ. ಕೆಳಗಿನ ತಾಕಿಗೆ ಸಾಲದು.' 'ಗುಡುಗು ಮಾತ್ರ.' 'ಬಣಕಲ್ಲಿಗೆ ಬಂದಿದೆ, ನಮಗಿಲ್ಲ.' ನೆರೆಯವರ ಮಳೆಯನ್ನೂ ನಮ್ಮ ಪುಸ್ತಕದಲ್ಲಿ ದಾಖಲಿಸಿದ ಆ ನ್ಯಾಯಬುದ್ಧಿಯೋ ಹೊಟ್ಟೆಯುರಿಯೋ, ಓದಿದಾಗಲೆಲ್ಲ ನಗು ಬರುತ್ತದೆ.

ಪಂಚಾಂಗ ವರ್ಷಕ್ಕೊಮ್ಮೆ ಬದಲಾಗುತ್ತದೆ. ಹಳೆಯದು ಅಟ್ಟ ಸೇರುತ್ತದೆ. ಮಳೆ ಪುಸ್ತಕ ಬದಲಾಗುವುದಿಲ್ಲ, ಹಾಳೆ ಸೇರಿಸುತ್ತಾ ಹೋಗುತ್ತೇವೆ. ಒಂದು ದಿನ ನನಗೆ ಹುಕಿ ಬಂದು, ಅಟ್ಟದ ಪಂಚಾಂಗಗಳನ್ನು ಇಳಿಸಿ ಅವು ಹೇಳಿದ ಕೊಳಗಗಳನ್ನು ಪುಸ್ತಕದ ಇಂಚುಗಳ ಜೊತೆ ತಾಳೆ ನೋಡೋಣವೇ ಎಂದು ಅತ್ತೆಯನ್ನು ಕೇಳಿದೆ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಬೇಡ ಮಾರಾಯ್ತಿ. ಇಬ್ರೂ ಮನೆಗೆ ಬೇಕಾದವರು. ಎದುರುಬದುರು ಕೂರಿಸಿ ಯಾಕೆ ಮಾನ ಕಳೀತಿ?" ಎಂದರು. ಪುಸ್ತಕ ಆಗಿಹೋದದ್ದನ್ನು ಬಲ್ಲದು, ನಾಳೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಪಂಚಾಂಗ ನಾಳೆಯ ಬಗ್ಗೆ ಧಾರಾಳವಾಗಿ ಮಾತಾಡುತ್ತದೆ, ನಿನ್ನೆಯ ಗೊಡವೆ ಅದಕ್ಕಿಲ್ಲ. ಒಂದರ ಕೆಲಸವನ್ನು ಇನ್ನೊಂದಕ್ಕೆ ಕೇಳದಿರುವುದೇ ಮರ್ಯಾದೆ. ಭವಿಷ್ಯ ಹೇಳುವವರು ಊರೂರಲ್ಲಿ ಬದುಕಿರುವುದು ಅವರ ಜಾಣತನದಿಂದಲ್ಲ, ಕೇಳುವವರ ಈ ದಾಕ್ಷಿಣ್ಯದಿಂದ. ಚೀನಾದಲ್ಲೂ ಕಳೆದ ಹಾವಿನ ವರ್ಷದ ಫಲವನ್ನು ಲೆಕ್ಕ ಹಾಕಿ ಜೋಯಿಸರ ಮನೆ ಬಾಗಿಲಿಗೆ ಯಾರೂ ಹೋಗಿರಲಾರರು.

ಉಳಿದದ್ದು ನನ್ನ ವರ್ಷದ ಪ್ರಶ್ನೆ. ತಮ್ಮ ಪ್ರಾಣಿಯ ವರ್ಷ ಬಂದರೆ ಚೀನೀಯರಿಗೆ ಅದು ಶುಭವಲ್ಲ, ಗಂಡಾಂತರ. ಪರಿಹಾರ ಸುಲಭ: ವರ್ಷವಿಡೀ ಮೈಮೇಲೆ ಏನಾದರೂ ಕೆಂಪು ಇರಬೇಕು, ಕೊನೆಗೆ ಒಳಬಟ್ಟೆಯಾದರೂ ಸರಿ. ನಮ್ಮಲ್ಲಿ ಹುಟ್ಟಿದ ಸಂವತ್ಸರ ಮರಳಿದರೆ ಷಷ್ಟ್ಯಬ್ದಿ, ಹೋಮ, ಶಾಂತಿ. ಆದರೆ ಅದು ಗಂಡಸರ ಲೆಕ್ಕ. ನಮ್ಮ ಮನೆಯವರದು ಊರೂಟದ ಸಮೇತ ಆಗಿಹೋಗಿದೆ. ಹೆಂಗಸರಿಗೆ ಅರವತ್ತು ತುಂಬಿದರೆ ಬಿ.ಪಿ. ನೋಡಿಸಿ ಬಾ ಎನ್ನುತ್ತಾರೆ, ಅಷ್ಟೇ. ಹಾಗಾಗಿ ಈ ಬಾರಿ ನಾನು ಚೀನೀಯರ ಪಕ್ಷ ಸೇರಿ, ಒಂದು ಕೆಂಪು ರೇಷ್ಮೆ ಸೀರೆ ಬೇಕೆಂದು ಅರ್ಜಿ ಹಾಕಿದೆ. ಮನೆಯವರು ಕನ್ನಡಕ ಏರಿಸಿ, ಹೊಸ ಪಂಚಾಂಗ ತೆಗೆದು, ತಮ್ಮ ರಾಶಿಯ ಆಯ-ವ್ಯಯದ ಮೇಲೆ ಬೆರಳಿಟ್ಟರು.

"ನೋಡೇ, ಈ ವರ್ಷ ನಂಗೆ ಆಯಕ್ಕಿಂತ ವ್ಯಯ ಜಾಸ್ತಿ ಅಂತಿದೆ."

"ಮತ್ತೆ? ಪಂಚಾಂಗ ಬರೆದವರು ಅಷ್ಟು ಕಷ್ಟಪಟ್ಟು ಲೆಕ್ಕ ಹಾಕಿದ್ದಾರೆ ರೀ. ನಾವಾದರೂ ಅವರ ಮಾತು ಉಳಿಸಬೇಡವಾ?" ಎಂದೆ. ಶನಿವಾರ ಚಿಕ್ಕಮಗಳೂರಿಗೆ ಹೋಗುವುದೆಂದು ತೀರ್ಮಾನವಾಗಿದೆ.